ಈಜುಕೊಳದ ನೀರು: ಮೊದಲು ಅಳತೆ, ಅನಂತರ ಔಷಧ



ಕಳೆದ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನವರ ಮಗನ ತೋಟದ ಮನೆಗೆ ಹೋಗಿದ್ದೆವು. ರಜೆಗೆ ಬರುವ ಮೊಮ್ಮಕ್ಕಳಿಗೆಂದು ಅಣ್ಣನವರು ಕಟ್ಟಿಸಿದ್ದ ಪುಟ್ಟ ಈಜುಕೊಳದ ನೀರು ಹಸಿರುಗಟ್ಟಿತ್ತು. ಎರಡು ಬಾರಿ ಬ್ಲೀಚಿಂಗ್ ಪುಡಿ ಹಾಕಿದರೂ ಪ್ರಯೋಜನವಾಗಿರಲಿಲ್ಲ. ಅತ್ತಿಗೆಯವರು ಮೂರನೆಯ ಬಾರಿ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಅದು ಚುರುಕಾಗಲೆಂದು ಶೌಚಾಲಯ ತೊಳೆಯುವ ಆಸಿಡ್ಡನ್ನೂ ಅದರೊಳಗೆ ಸುರಿಯಲು ಸೀಸೆಯ ಮುಚ್ಚಳ ತೆರೆದಿದ್ದರು. ಮಕ್ಕಳು ಸುತ್ತಲೂ ನೆರೆದಿದ್ದರು. “ಅತ್ತಿಗೆಯವರೇ, ತಡೆಯಿರಿ!” ಎಂದು ನಾವು ಕೂಗಿಕೊಂಡೆವು.

“ಎರಡೂ ಮನೆಯಲ್ಲಿ ನಿತ್ಯ ಬಳಸುವ ವಸ್ತುಗಳೇ ಅಲ್ಲವೇ?” ಎಂದು ಅವರು ಅಚ್ಚರಿಯಿಂದ ಕೇಳಿದರು. ಆ ಪ್ರಶ್ನೆಯೇ ಈ ತಿಂಗಳ ಬರಹಕ್ಕೆ ಕಾರಣವಾಯಿತು.

ಬ್ಲೀಚಿಂಗ್ ಪುಡಿಗೆ ಆಮ್ಲ ಸೇರಿದೊಡನೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರಲ್ಲಿ ಮೊದಲನೆಯ ಮಹಾಯುದ್ಧದ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಭಾರವಾದ ಇದು ನೆಲದ ಮಟ್ಟದಲ್ಲಿಯೇ ಹರಡಿ, ಕುಳಿತ ಮಕ್ಕಳ ಶ್ವಾಸಕೋಶವನ್ನು ಮೊದಲು ಸುಡುತ್ತದೆ. ಆದುದರಿಂದ ಇವೆರಡನ್ನು ಒಂದೇ ಪಾತ್ರೆಯಲ್ಲಿ ಎಂದಿಗೂ ಬೆರೆಸಲಾಗದು.

ಆದರೂ ಆಮ್ಲ ಬೇಕೆಂಬ ಅತ್ತಿಗೆಯವರ ಊಹೆ ಸಂಪೂರ್ಣ ತಪ್ಪಾಗಿರಲಿಲ್ಲ. ಕ್ಲೋರಿನ್ನಿನ ಶಕ್ತಿ ನೀರಿನ ಪಿಎಚ್ ಮಟ್ಟವನ್ನು ಅವಲಂಬಿಸಿದೆ. ಪಿಎಚ್ 7.2 ಇದ್ದಾಗ ನೀರಿನಲ್ಲಿರುವ ಕ್ಲೋರಿನ್ನಿನ ಸುಮಾರು ಮೂರರಲ್ಲಿ ಎರಡು ಪಾಲು ಕ್ರಿಮಿಗಳನ್ನು ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗ ಮಾತ್ರ. ಪರೀಕ್ಷಾ ಪಟ್ಟಿಯನ್ನು ತರಿಸಿ ನೋಡಿದಾಗ ಆ ಕೊಳವೆಬಾವಿಯ ನೀರಿನ ಪಿಎಚ್ 8ನ್ನು ದಾಟಿತ್ತು. ಹಾಕಿದ ಪುಡಿ ವ್ಯರ್ಥವಾದುದರ ಗುಟ್ಟು ಅಲ್ಲಿತ್ತು.

ಆದಕಾರಣ ಮೊದಲು ಅಳೆಯಬೇಕು. ಕ್ಷಾರೀಯತೆ ಲೀಟರಿಗೆ 80ರಿಂದ 120 ಮಿಲಿಗ್ರಾಂ, ಪಿಎಚ್ 7.2ರಿಂದ 7.8, ಕ್ಲೋರಿನ್ 1ರಿಂದ 3 ಮಿಲಿಗ್ರಾಂ ಇರುವುದು ಒಳ್ಳೆಯದು. ಸರಿಪಡಿಸುವುದೂ ಇದೇ ಕ್ರಮದಲ್ಲಿ ನಡೆಯಬೇಕು.

ಮಳೆನೀರಿನಂತಹ ಮೆದುನೀರಿನಲ್ಲಿ ಕ್ಷಾರೀಯತೆ ಕಡಿಮೆ. ಅದಕ್ಕೆ ನಮ್ಮ ಅಡುಗೆ ಸೋಡಾ ಸಾಕು. 5 ಮೀಟರ್ ಉದ್ದ, 4 ಮೀಟರ್ ಅಗಲ, 1 ಮೀಟರ್ ಆಳದ ಕೊಳದಲ್ಲಿ 20,000 ಲೀಟರ್ ನೀರಿರುತ್ತದೆ. ಅದರ ಕ್ಷಾರೀಯತೆಯನ್ನು 50ರಿಂದ 80ಕ್ಕೆ ಏರಿಸಲು ಸುಮಾರು 1 ಕಿಲೋ ಅಡುಗೆ ಸೋಡಾ ಬೇಕು. ಬೇಕಿಂಗ್ ಪೌಡರ್ ಬೇರೆಯ ವಸ್ತು, ಅದನ್ನು ಹಾಕಬಾರದು. ಪಿಎಚ್ ಕೂಡ ತೀರಾ ತಗ್ಗಿದ್ದರೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಉಪಯುಕ್ತ. ಆದರೆ ಅದು ಬಹಳ ತೀಕ್ಷ್ಣವಾದುದರಿಂದ ಸ್ವಲ್ಪಸ್ವಲ್ಪವಾಗಿಯೇ ಹಾಕಬೇಕು.

ಅಣ್ಣನವರ ಕೊಳದಂತೆ ಗಡಸು ನೀರಿದ್ದಲ್ಲಿ ಈ ಸೋಡಾಗಳು ಕೇಡನ್ನೇ ಹೆಚ್ಚಿಸುತ್ತವೆ. ಅಲ್ಲಿ ಪಿಎಚ್ ಇಳಿಸಬೇಕು. ಅಷ್ಟೊಂದು ನೀರಿಗೆ ನಿಂಬೆರಸ, ವಿನಿಗರ್ ಸಾಲವು. ಶೌಚಾಲಯದ ದ್ರಾವಣದಲ್ಲಿ ಬಣ್ಣ, ಸಾಬೂನುಗಳು ಬೆರೆತಿರುತ್ತವೆ. ಈಜುಕೊಳಕ್ಕೆಂದೇ ಮಾರುವ ಆಮ್ಲವನ್ನು ತಿಳಿದವರ ಕೈಯಿಂದ ಹಾಕಿಸುವುದೇ ಲೇಸು. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಪಂಪು ಹಲವು ಗಂಟೆ ಓಡಿ ನೀರೆಲ್ಲ ಬೆರೆತು, ಮತ್ತೆ ಅಳೆದ ಮೇಲೆಯೇ ಕ್ಲೋರಿನ್ನಿನ ಸರದಿ.

ಹೊಸ ಬ್ಲೀಚಿಂಗ್ ಪುಡಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕ್ಲೋರಿನ್ ಇರುತ್ತದೆ. ತೇವ ತಗುಲಿದರೆ ಸತ್ವ ಕುಂದುತ್ತದೆ. 20,000 ಲೀಟರ್ ಶುಭ್ರ ನೀರಿಗೆ 120 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ದೊರೆಯುತ್ತದೆ. ಹಸಿರುಗಟ್ಟಿದ ನೀರಿಗೆ ಅದರ ಐದು ಪಟ್ಟು, ಎಂದರೆ 600 ಗ್ರಾಂ ಬೇಕಾಗಬಹುದು. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಹಾಕಬೇಕು. ಬಿಸಿಲು ಕ್ಲೋರಿನ್ನನ್ನು ನಾಶಮಾಡುವುದರಿಂದ ಸಂಜೆಯೇ ಸೂಕ್ತ ಕಾಲ. ಕ್ಲೋರಿನ್ 3ಕ್ಕೆ ಇಳಿದು, ಕೊಳದ ತಳ ಸ್ಪಷ್ಟವಾಗಿ ಕಾಣುವವರೆಗೆ ಮಕ್ಕಳನ್ನು ಇಳಿಸಕೂಡದು. ಮಸುಕು ನೀರಿನಲ್ಲಿ ಮುಳುಗಿದ ಮಗು ಯಾರ ಕಣ್ಣಿಗೂ ಬೀಳದು.

ಇನ್ನೊಂದು ಮಾತು. ಈಜಿದ ಮಕ್ಕಳ ಕಣ್ಣು ಕೆಂಪಾದರೆ ಕ್ಲೋರಿನ್ ಹೆಚ್ಚಾಯಿತೆಂದು ನಾವು ಭಾವಿಸುತ್ತೇವೆ. ಬಹಳ ಸಲ ಅದಕ್ಕೆ ಕಾರಣ, ಬೆವರು, ಮೂತ್ರಗಳೊಡನೆ ಕ್ಲೋರಿನ್ ಕೂಡಿ ಹುಟ್ಟುವ ಬೇರೊಂದು ವಸ್ತು. ಮೂಗಿಗೆ ಬಡಿಯುವ ಆ ವಾಸನೆಯೂ ಅದರದೇ. ಸ್ನಾನ ಮಾಡಿಯೇ ಕೊಳಕ್ಕಿಳಿಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ಅರ್ಧ ಕಷ್ಟ ತಪ್ಪುತ್ತದೆ.

ಕೆಲವು ದಿನಗಳಲ್ಲಿ ಆ ಕೊಳ ತಿಳಿಯಾಯಿತು, ಮೊಮ್ಮಕ್ಕಳು ಮನದಣಿಯೆ ಈಜಿದರು. ಈಗ ಅತ್ತಿಗೆಯವರ ಮನೆಯಲ್ಲಿ ಪುಡಿಯ ಡಬ್ಬಿ ಒಂದು ಕೋಣೆಯಲ್ಲಿ, ಆಸಿಡ್ಡಿನ ಸೀಸೆ ಮತ್ತೊಂದರಲ್ಲಿ, ಎರಡಕ್ಕೂ ಬೀಗ. ನಮ್ಮ ನಿಮ್ಮ ಮನೆಗಳಲ್ಲಿ ಕೊಳವಿಲ್ಲದಿರಬಹುದು, ಆದರೆ ಆ ಎರಡು ವಸ್ತುಗಳು ಇದ್ದೇ ಇರುತ್ತವೆ. ಇಂದೇ ಅವುಗಳ ಸ್ಥಳವನ್ನು ಒಮ್ಮೆ ನೋಡಿಕೊಳ್ಳೋಣ.