ಆಸ್ಪತ್ರೆಯಿಂದ ಬಿಟ್ಟಾಯಿತು, ಕೆಲಸಕ್ಕೆ ಯಾವಾಗ?

ಹರ್ನಿಯಾ ಆಪರೇಷನ್ ಆದ ಹಮಾಲರಿಗೆ ವೈದ್ಯರು ತಪ್ಪದೇ ಹೇಳುವ ಮಾತು: ‘ತಿಂಗಳು, ಒಂದೂವರೆ ತಿಂಗಳು ಭಾರ ಎತ್ತಬೇಡಿ’. ದಾವಣಗೆರೆ ಜಿಲ್ಲೆ ಹೊನ್ನಾಳಿಯ ಅಕ್ಕಿ ಗಿರಣಿಯಲ್ಲೋ ಮಾರುಕಟ್ಟೆಯಲ್ಲೋ 50 ಕೆ.ಜಿ. ಚೀಲ ಹೊತ್ತು ಬದುಕುವವನಿಗೆ ಇದು ‘ಕೆಲಸಕ್ಕೆ ಹೋಗಬೇಡ’ ಎಂದಂತೆಯೇ. ಆಪರೇಷನ್ ಖರ್ಚನ್ನು ಆಯುಷ್ಮಾನ್ ಭಾರತ್– ಆರೋಗ್ಯ ಕರ್ನಾಟಕ ಯೋಜನೆ ನೋಡಿಕೊಳ್ಳುತ್ತದೆ; ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಂಟು. ಆ ಒಂದೂವರೆ ತಿಂಗಳ ಕೂಲಿಗೆ ಮಾತ್ರ ಯಾವ ಕಾರ್ಡೂ ಇಲ್ಲ. ಹೊಲಿಗೆ ಪೂರ್ತಿ ಮಾಯುವ ಮೊದಲೇ ಆತ ಚೀಲಕ್ಕೆ ಬೆನ್ನು ಕೊಟ್ಟಿರುತ್ತಾನೆ.

ಅದೇ ಊರಿನ ಸರ್ಕಾರಿ ನೌಕರರ ಕಥೆ ಬೇರೆ. ಪಾರ್ಶ್ವವಾಯು ಹೊಡೆದು ಚೇತರಿಸಿಕೊಂಡ ಶಿಕ್ಷಕರೊಬ್ಬರಿಗೆ ಗಳಿಕೆ ರಜೆ ಇರುತ್ತದೆ, ಅರ್ಧ ವೇತನದ ರಜೆ ಇರುತ್ತದೆ. ದಿನಕ್ಕೆ ಎರಡು ಪೀರಿಯಡ್ ಪಾಠ ಮಾಡುವಷ್ಟು ಶಕ್ತಿ ಬಂದಿದ್ದರೂ ಎರಡೇ ಪೀರಿಯಡ್ ಮಾಡಲು ಬರುವಂತಿಲ್ಲ. ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟು ಹಾಜರಾದ ದಿನದಿಂದಲೇ ಪೂರ್ತಿ ಪಾಠ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ಚುನಾವಣಾ ಕೆಲಸ ಎಲ್ಲವೂ ತಲೆಗೆ ಬರುತ್ತವೆ. ಹಾಗಾಗಿ ರಜೆಯ ಮೇಲೆ ರಜೆ ಬೆಳೆಯುತ್ತದೆ. ಕೊನೆಗೆ ಮನೆಯವರೇ ‘ಸಾಕು, ವಿಆರ್‌ಎಸ್ ತಗೊಳ್ಳಿ’ ಎನ್ನುತ್ತಾರೆ.

ಒಬ್ಬ ತೀರಾ ಬೇಗ ಮರಳುತ್ತಾನೆ, ಇನ್ನೊಬ್ಬರು ಮರಳುವುದೇ ಇಲ್ಲ. ಎರಡಕ್ಕೂ ಕಾರಣ ಒಂದೇ. ಹಾಸಿಗೆ ಮತ್ತು ಪೂರ್ಣಾವಧಿ ದುಡಿಮೆಯ ನಡುವೆ ನಮ್ಮ ವ್ಯವಸ್ಥೆಯಲ್ಲಿ ಮೂರನೆಯ ಸ್ಥಿತಿಯೇ ಇಲ್ಲ.

ದೀರ್ಘ ಕಾಯಿಲೆಯ ನಂತರ ಯಾರು ಕೆಲಸಕ್ಕೆ ಮರಳುತ್ತಾರೆ, ಯಾರು ಮರಳುವುದಿಲ್ಲ ಎಂಬುದರ ಬಗ್ಗೆ ಬೇರೆ ದೇಶಗಳಲ್ಲಿ ಸಾಕಷ್ಟು ಅಧ್ಯಯನಗಳಾಗಿವೆ. ಅವೆಲ್ಲ ಬಹುಮಟ್ಟಿಗೆ ಒಪ್ಪುವ ಸಂಗತಿ, ರೋಗದ ತೀವ್ರತೆಯೊಂದೇ ಇದನ್ನು ನಿರ್ಧರಿಸುವುದಿಲ್ಲ ಎಂಬುದು. ಗೈರುಹಾಜರಿ ಉದ್ದವಾದಷ್ಟೂ ಮರಳುವ ಸಾಧ್ಯತೆ ಕುಗ್ಗುತ್ತದೆ. ‘ನಾನು ಮತ್ತೆ ಹೋಗಬಲ್ಲೆ’ ಎಂದು ರೋಗಿಗೇ ಅನ್ನಿಸುವುದು, ಮೇಲಧಿಕಾರಿ ನಡುನಡುವೆ ವಿಚಾರಿಸಿಕೊಳ್ಳುವುದು, ಕೆಲಸವನ್ನು ಕೊಂಚ ಬದಲಿಸಿಕೊಡುವುದು, ಇವೆಲ್ಲ ಮಾತ್ರೆಯಷ್ಟೇ ಮುಖ್ಯವಾಗುತ್ತವೆ. ಬ್ರಿಟನ್ 2010ರಲ್ಲಿ ‘ಸಿಕ್ ನೋಟ್’ ಕೈಬಿಟ್ಟು ‘ಫಿಟ್ ನೋಟ್’ ತಂದದ್ದು ಇದೇ ಕಾರಣಕ್ಕೆ. ಕಡಿಮೆ ಗಂಟೆ, ಹಗುರ ಕೆಲಸ, ಹಂತ ಹಂತದ ಮರಳಿಕೆ ಎಂದು ವೈದ್ಯರು ಅದರಲ್ಲಿ ಗುರುತು ಹಾಕಬಹುದು. ನಮ್ಮ ವೈದ್ಯರ ಪ್ಯಾಡಿನಲ್ಲಿ ‘ವಿಶ್ರಾಂತಿ ಅಗತ್ಯ’, ‘ಕರ್ತವ್ಯಕ್ಕೆ ಅರ್ಹರು’ ಇವೆರಡೇ.

ಕಾನೂನು ಏನೂ ಕೊಟ್ಟಿಲ್ಲ ಎನ್ನಲಾಗದು. ಕೊಟ್ಟಿರುವುದು ಕೆಲವರಿಗೆ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಯ ಕಾರ್ಮಿಕರಿಗೆ ವರ್ಷಕ್ಕೆ 91 ದಿನದವರೆಗೆ ಶೇ 70ರಷ್ಟು ವೇತನ ಸಿಗುತ್ತದೆ. ಕ್ಷಯ, ಕ್ಯಾನ್ಸರ್ ಸೇರಿದಂತೆ ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೂ ಶೇ 80ರಷ್ಟು. ಆದರೆ ಇಎಸ್‌ಐ ಬೇಕೆಂದರೆ ಕಾರ್ಖಾನೆಯದೋ ಅಂಥ ಸಂಸ್ಥೆಯದೋ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಅಡಿಕೆ ಸುಲಿಯುವ ಹೆಂಗಸಿಗೆ, ಭತ್ತ ನಾಟಿಯ ಗುಂಪಿಗೆ, ಅಡಿಕೆ ಕೊನೆ ಇಳಿಸಲು ಮರ ಹತ್ತುವವನಿಗೆ ದಾವಣಗೆರೆಯ ಇಎಸ್‌ಐ ಆಸ್ಪತ್ರೆ ಬಸ್ಸಿನ ಕಿಟಕಿಯಿಂದ ಕಾಣುವ ಒಂದು ಕಟ್ಟಡ ಅಷ್ಟೆ.

ಕೆಲಸದಲ್ಲಿದ್ದಾಗಲೇ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆಯುವಂತಿಲ್ಲ, ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಆದರೂ ವರ್ಣಾಂಧತೆಯ ಕಾರಣಕ್ಕೆ ಕೆಲಸ ಕಳೆದುಕೊಂಡ ತೆಲಂಗಾಣದ ಸಾರಿಗೆ ಬಸ್ ಚಾಲಕರೊಬ್ಬರು ಬದಲಿ ಹುದ್ದೆಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 2025ರ ಆಗಸ್ಟ್‌ನಲ್ಲಿ. ಖಾಸಗಿ ವಲಯದಲ್ಲಿ ಇಷ್ಟೂ ಇಲ್ಲ. ದೀರ್ಘ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ‘ರಿಟ್ರೆಂಚ್‌ಮೆಂಟ್’ (ಪರಿಹಾರ ಕೊಡಬೇಕಾದ ಕೆಲಸ ಕಡಿತ) ಅಲ್ಲ ಎಂದು ಕೈಗಾರಿಕಾ ವಿವಾದ ಕಾಯ್ದೆ ಬರೆದುಕೊಂಡಿತ್ತು. ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯೂ ಆ ಸಾಲನ್ನು ಜೋಪಾನವಾಗಿ ಉಳಿಸಿಕೊಂಡಿದೆ. ಕಾರ್ಮಿಕ ಸಂಘಟನೆಗಳು ಸಂಹಿತೆಗಳ ವಿರುದ್ಧ ಎಷ್ಟೋ ಮಾತನಾಡಿದವು, ಈ ಸಾಲಿನ ಬಗ್ಗೆ ದನಿ ಜೋರಾದದ್ದು ನನಗಂತೂ ಕೇಳಿಸಲಿಲ್ಲ.

ಕ್ಷಯ ರೋಗಿಯ ಪಾಡಿನಲ್ಲಿ ಈ ಎಲ್ಲ ತೊಡಕುಗಳೂ ಒಟ್ಟಿಗೆ ಕಾಣುತ್ತವೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಸರಿಯಾಗಿ ನುಂಗಿದರೆ ಕೆಲವೇ ವಾರಗಳಲ್ಲಿ ಸೋಂಕು ಹರಡುವ ಭಯ ಬಹುಪಾಲು ಹೋಗುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಬರುತ್ತಿದ್ದ ₹500 ಅನ್ನು 2024ರ ನವೆಂಬರ್‌ನಿಂದ ₹1,000ಕ್ಕೆ ಏರಿಸಲಾಗಿದೆ. ಅದು ಮೊಟ್ಟೆ, ಬೇಳೆಗೆ ಆದೀತು. ಸಂಘದ ಸಾಲದ ಕಂತಿಗೆ ಆಗದು. ಇನ್ನು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನಿಗೆ ಕ್ಷಯ ಎಂದು ಗೊತ್ತಾದರೆ ಮಾಲೀಕರು ‘ಪೂರ್ತಿ ಗುಣವಾಗಲಿ, ಆಮೇಲೆ ಬಾ’ ಎನ್ನುತ್ತಾರೆ. ‘ಆಮೇಲೆ’ ಅಲ್ಲಿ ಬೇರೆ ಹುಡುಗ ಇರುತ್ತಾನೆ. ಇದನ್ನು ಬಲ್ಲವರು ಕಾಯಿಲೆಯನ್ನೇ ಮುಚ್ಚಿಡುತ್ತಾರೆ, ಕೆಲಸ ತಪ್ಪುತ್ತದೆಂದು ಮಾತ್ರೆಗೆ ಹೋಗುವುದನ್ನು ಬಿಡುತ್ತಾರೆ.

ಹಾಗೆಂದು ನಡುದಾರಿ ನಮ್ಮ ಜನಕ್ಕೆ ತಿಳಿಯದ್ದೇನಲ್ಲ. ಹಮಾಲರ ಕೆಲವು ಗುಂಪುಗಳಲ್ಲಿ ಕಾಯಿಲೆಯಿಂದ ಎದ್ದು ಬಂದವನಿಗೆ ಮೊದಲ ದಿನಗಳಲ್ಲಿ ಚೀಲ ಹೊರಿಸುವುದಿಲ್ಲ. ದಬ್ಬಳ, ಸುತಳಿ ಕೈಗೆ ಕೊಟ್ಟು ಚೀಲದ ಬಾಯಿ ಹೊಲಿಯಲು ಕೂರಿಸುತ್ತಾರೆ, ಇಲ್ಲವೇ ತೂಕದ ಹತ್ತಿರ ನಿಲ್ಲಿಸುತ್ತಾರೆ. ಸಂಜೆ ಕೂಲಿ ಹಂಚುವಾಗ ಪಾಲು ಕಡಿಮೆ ಮಾಡಬೇಕೇ ಎಂಬ ಚರ್ಚೆ ನಡೆಯುತ್ತದೆ, ಜಗಳವೂ ಆಗುತ್ತದೆ. ಆದರೂ ಆತ ಗುಂಪಿನಿಂದ ಹೊರಗೆ ಬಿದ್ದಿರುವುದಿಲ್ಲ. ಆದರೆ ಇದು ಗುಂಪಿನ ದಾಕ್ಷಿಣ್ಯ, ಹಕ್ಕಲ್ಲ. ಒಂಟಿಯಾಗಿ ಕೂಲಿಗೆ ಹೋಗುವವರಿಗೆ ಅದೂ ಇಲ್ಲ.

ಸರ್ಕಾರಕ್ಕೂ ಇದು ಹೊಸತಲ್ಲ. ರಾಜ್ಯದಲ್ಲಿ ನರೇಗಾ ಕಾಮಗಾರಿಗಳಲ್ಲಿ ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ ಅರ್ಧ ಅಳತೆಯ ಕೆಲಸಕ್ಕೆ ಪೂರ್ತಿ ಕೂಲಿ ಕೊಡುವ ರಿಯಾಯಿತಿ ತರಲಾಗಿತ್ತು. ಆ ಪಟ್ಟಿಗೆ ಆಸ್ಪತ್ರೆಯಿಂದ ಬಿಡುಗಡೆಯಾದವರನ್ನು ಎರಡು ತಿಂಗಳ ಮಟ್ಟಿಗೆ ಸೇರಿಸಲು ಬಿಡುಗಡೆ ಪತ್ರವೇ ಸಾಕು. ಪಕ್ಕದ ಆಂಧ್ರ 2019ರ ಡಿಸೆಂಬರ್‌ನಲ್ಲಿ ‘ವೈಎಸ್‌ಆರ್ ಆರೋಗ್ಯ ಆಸರಾ’ ಹೆಸರಿನಲ್ಲಿ ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿಗೆ ದಿನಕ್ಕೆ ₹225, ತಿಂಗಳಿಗೆ ಗರಿಷ್ಠ ₹5,000 ಕೊಡುವ ಯೋಜನೆ ತಂದಿತ್ತು. ಆರೋಗ್ಯ ಕರ್ನಾಟಕದ ಪ್ಯಾಕೇಜಿನಲ್ಲೇ ಅಂಥ ಮೊತ್ತ ಸೇರಿಸಿದರೆ ಹೊಸ ಇಲಾಖೆಯೂ ಬೇಡ, ಹೊಸ ಕಾರ್ಡೂ ಬೇಡ. ವಿಶ್ರಾಂತಿಗೆ ದುಡ್ಡು ಕೊಟ್ಟರೆ ಜನ ಕೆಲಸಕ್ಕೇ ಬರುವುದಿಲ್ಲ ಎಂಬ ಆಕ್ಷೇಪ ಏಳುವುದು ಖಂಡಿತ. ದಿನಕ್ಕೆ ₹225ರ ಆಸೆಗೆ ಹೊಟ್ಟೆ ಕುಯ್ಯಿಸಿಕೊಳ್ಳುವವರು ಯಾರಿದ್ದಾರೆ?

ದುಡ್ಡೇ ಬೇಡದ ಕೆಲಸವೂ ಒಂದಿದೆ. ಬಿಡುಗಡೆ ಪತ್ರದಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಕನ್ನಡದಲ್ಲಿ ಮೂರು ಸಾಲು ಬರೆಯುವುದು: ಈತ ಯಾವ ಕೆಲಸ ಈಗಲೇ ಮಾಡಬಹುದು, ಯಾವುದನ್ನು ಯಾವ ತಾರೀಖಿನವರೆಗೆ ಮಾಡಬಾರದು, ಮತ್ತೆ ಯಾವಾಗ ತೋರಿಸಬೇಕು. ಗಿರಣಿ ಮಾಲೀಕರಿಗಾಗಲಿ, ಮೇಸ್ತ್ರಿಗಾಗಲಿ, ಮುಖ್ಯ ಶಿಕ್ಷಕರಿಗಾಗಲಿ ತೋರಿಸಲು ರೋಗಿಯ ಕೈಯಲ್ಲಿ ಇಂದು ಅಂಥ ಒಂದು ಚೀಟಿಯೂ ಇಲ್ಲ.