ಕಲ್ಯಾಣ ನಿಧಿಯ ಲೆಕ್ಕ ನಮಗೂ ಸಿಗಲಿ

ಕೊಲ್ಲಿ ದೇಶಗಳಲ್ಲಿ ದುಡಿಯುವ ನಾವು ಪಾಸ್‌ಪೋರ್ಟ್ ನವೀಕರಣಕ್ಕೆ ಹೋದಾಗ ಶುಲ್ಕದ ಜೊತೆಗೆ ಒಂದು ಸಣ್ಣ ಮೊತ್ತವನ್ನೂ ಕಟ್ಟುತ್ತೇವೆ. ಅದು ಹೋಗುವುದು ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ. 2009ರಲ್ಲಿ ಆರಂಭವಾದ ಈ ನಿಧಿಯ ಮಾರ್ಗಸೂಚಿಯನ್ನು 2017ರಲ್ಲಿ ಪರಿಷ್ಕರಿಸಲಾಯಿತು. ಸಂಕಷ್ಟದಲ್ಲಿ ಸಿಲುಕಿದವರಿಗೆ ಊಟ-ವಸತಿ, ಊರಿಗೆ ಮರಳಲು ಟಿಕೆಟ್, ತುರ್ತು ಚಿಕಿತ್ಸೆ, ಕಾನೂನು ನೆರವು ಕೊಡುವುದು ಇದರ ಉದ್ದೇಶ. ಮೃತಪಟ್ಟವರ ಪಾರ್ಥಿವ ಶರೀರವನ್ನು ತವರಿಗೆ ಕಳಿಸಲೂ ಇದರಿಂದ ನೆರವು ಪಡೆಯಬಹುದು.

ಆದರೆ ನೆರವು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಅರ್ಜಿದಾರರ ಆರ್ಥಿಕ ಸ್ಥಿತಿ ನೋಡಿ, ತೀರಾ ಅರ್ಹರಿಗೆ ಮಾತ್ರ ಕೊಡಬೇಕು ಎನ್ನುತ್ತದೆ ನಿಯಮ. ಯಾರು ಅರ್ಹರು ಎಂಬುದನ್ನು ರಾಯಭಾರ ಕಚೇರಿಯೇ ತೀರ್ಮಾನಿಸುತ್ತದೆ. ಅಧಿಕಾರಿಯ ವಿವೇಚನೆಗೆ ಬಿಟ್ಟ ಹಣದ ಲೆಕ್ಕ ಹೆಚ್ಚು ತೆರೆದಿರಬೇಕು.

ನಿಧಿಯ ಒಟ್ಟು ಖರ್ಚು ಸಂಸತ್ತಿನ ಉತ್ತರಗಳಲ್ಲಿ ಆಗಾಗ ಕಾಣುತ್ತದೆ. ಲೆಕ್ಕ ಬರೆಯುವುದೇ ಕಸುಬಾದ ನಮಗೆ ಅಷ್ಟು ಸಾಲದು. ಪ್ರತಿ ರಾಯಭಾರ ಕಚೇರಿಯ ಆರಂಭಿಕ ಶಿಲ್ಕು, ಜಮೆ, ಖರ್ಚು, ಅಂತಿಮ ಶಿಲ್ಕು ಒಂದೇ ಪುಟದಲ್ಲಿ ಬರಲಿ. ಅದರ ಪಕ್ಕದಲ್ಲೇ ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕೃತವಾದವು, ನೆರವು ತಲುಪಲು ಎಷ್ಟು ದಿನ ಹಿಡಿಯಿತು ಎಂಬುದೂ ಇರಲಿ. ಶಿಲ್ಕು ದೊಡ್ಡದಿದ್ದ ಮಾತ್ರಕ್ಕೆ ಅದು ತಪ್ಪಲ್ಲ. ಆಪತ್ತಿಗೆ ಹಣ ಬೇಕು. ಶಿಲ್ಕೂ ಬೆಳೆದು, ತಿರಸ್ಕೃತ ಅರ್ಜಿಗಳೂ ಬೆಳೆದರೆ ಮಾತ್ರ ಕಾರಣ ಕೇಳಬೇಕಾಗುತ್ತದೆ.

ಫಲಾನುಭವಿಗಳ ಖಾಸಗಿತನಕ್ಕೆ ಧಕ್ಕೆಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ನಾವು ಕೇಳುತ್ತಿರುವುದು ಹೆಸರುಗಳನ್ನಲ್ಲ, ಸಂಖ್ಯೆಗಳನ್ನು. ಬಜೆಟ್ ಮತ್ತು ಖರ್ಚಿನ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಅಲ್ಲಿಯವರೆಗೆ ಊರಿನಲ್ಲಿರುವ ಮನೆಯವರೂ ಸುಮ್ಮನಿರಬೇಕಿಲ್ಲ. ಕೇಂದ್ರದ ಆರ್‌ಟಿಐ ಪೋರ್ಟಲ್‌ನಲ್ಲಿ 10 ರೂಪಾಯಿ ಕಟ್ಟಿ ವಿದೇಶಾಂಗ ಸಚಿವಾಲಯಕ್ಕೆ ಅರ್ಜಿ ಹಾಕಬಹುದು. ಕಾರಣ ಹೇಳಬೇಕಿಲ್ಲ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಬರಬೇಕು. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳು ಶುಲ್ಕಕ್ಕಾಗಿ 2013ರಿಂದ ಆನ್‌ಲೈನ್‌ನಲ್ಲೇ ಪೋಸ್ಟಲ್ ಆರ್ಡರ್ ಕೊಳ್ಳಬಹುದು.

ಹಾಗೆಯೇ ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ರಾಯಭಾರ ಕಚೇರಿಯ ಅಧಿಕಾರಿಗಳನ್ನು ಆಹ್ವಾನಿಸಿದಾಗ, ಹಾರ-ಶಾಲಿನ ಜೊತೆಗೆ ಈ ಒಂದು ಪುಟದ ಬೇಡಿಕೆಯನ್ನೂ ಕೈಗಿಡಲಿ.