ತೈಲಾಗಾರದ ಯಂತ್ರವೂ ಕಾವಲಿನ ಆಳೂ

ಬ್ರಹ್ಮಾವರದಿಂದ ಬೈಂದೂರಿನವರೆಗಿನ ಬಂಕುಗಳಿಗೆ ಪೆಟ್ರೋಲು ಬರುವುದು ಬಹುಮಟ್ಟಿಗೆ ಮಂಗಳೂರಿನ ಕಡೆಯಿಂದ. ತೈಲಾಗಾರಗಳಲ್ಲಿ ಈಗ ತೊಟ್ಟಿಯ ಮಟ್ಟ ಅಳೆಯುವುದೂ ಲಾರಿಗೆ ಇಷ್ಟೇ ಲೀಟರೆಂದು ತುಂಬುವುದೂ ಯಂತ್ರ. ನೆಲತಂತಿ ಸಿಕ್ಕಿಸದಿದ್ದರೆ ಪಂಪೇ ಹೊರಡದು. ಇದನ್ನು ನಾವು ವಿರೋಧಿಸುವುದಿಲ್ಲ. ತೊಟ್ಟಿಯ ತಲೆಗೆ ಹತ್ತಿ, ಆವಿ ಕುಡಿದು, ಕೋಲು ಅದ್ದುವ ದುಡಿಮೆ ಯಾರಿಗೂ ಬೇಡ.

2009ರ ಅಕ್ಟೋಬರ್ 29ರಂದು ಜೈಪುರದ ಇಂಡಿಯನ್ ಆಯಿಲ್ ಆಗಾರದಲ್ಲಿ ಪೆಟ್ರೋಲು ಚಿಮ್ಮಿ ಒಂದು ಗಂಟೆಗೂ ಮಿಕ್ಕಿ ಸೋರಿತು. ದೂರದಿಂದ ಮುಚ್ಚುವ ಏರ್ಪಾಡು ಕೆಲಸಕ್ಕೆ ಬರಲಿಲ್ಲ. 11 ಮಂದಿ ಬೆಂಕಿಗೆ ಬಲಿಯಾದರು. ದೂರನಿಯಂತ್ರಣದ ಕವಾಟ, ಆವಿ ಪತ್ತೆಯ ಯಂತ್ರಗಳಿಗೆ ಒತ್ತು ಬಂದದ್ದು ಎಂ. ಬಿ. ಲಾಲ್ ಸಮಿತಿಯ ವರದಿಯ ಬಳಿಕ. ಹೆಣ ಬಿದ್ದ ಮೇಲೆ!

ಆದರೆ ಇಂಗ್ಲೆಂಡಿನ ಬನ್ಸ್‌ಫೀಲ್ಡಿನಲ್ಲಿ ಯಂತ್ರವಿತ್ತು. 2005ರ ಡಿಸೆಂಬರ್ 11ರಂದು ಮಟ್ಟ ತೋರುವ ಮಾಪಕ ಸಿಕ್ಕಿಕೊಂಡಿತು, ತಡೆಯಬೇಕಾದ ಸ್ವಿಚ್ಚೂ ಕೈಕೊಟ್ಟಿತು. ತೊಟ್ಟಿ ತುಂಬಿ ಹರಿದು ಸಿಡಿಯಿತು. ನೋಡಿಕೊಳ್ಳುವ ಆಳಿಲ್ಲದ ಯಂತ್ರದ ಪಾಡನ್ನು ಗಿರಣಿಯ ಬಂಧುಗಳಿಗೆ ನಾವು ಬಿಡಿಸಿ ಹೇಳಬೇಕೆ?

ಹಾಗಾಗಿ ಕವಾಟ ತಿರುಗಿಸುತ್ತಿದ್ದ ಗುತ್ತಿಗೆ ಆಳನ್ನು ಗೇಟಿನಾಚೆ ದಬ್ಬಕೂಡದು. ತರಬೇತಿ ಕೊಟ್ಟು ಯಂತ್ರದ ಪರೀಕ್ಷೆಗೆ ಖಾಯಂ ನೇಮಿಸಬೇಕು. ಆವಿಯ ವಾಸನೆ ಬಂದೊಡನೆ ಪಂಪು ನಿಲ್ಲಿಸುವ ಅಧಿಕಾರ ಅವನಿಗೂ ಲಾರಿ ಚಾಲಕನಿಗೂ ಇರಬೇಕು; ಆ ಹೊತ್ತಿನ ಕೂಲಿ ಮುರಿಯಕೂಡದು.